ತೋಟಕ್ಕೆ ಹೆಬ್ಬಾತು ತರಬೇಕೆಂದಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಹೊಸ ತೋಟಿಗ
ಎಲ್ಲರಿಗೂ ನಮಸ್ಕಾರ. ತುರುವೇಕೆರೆ ಹತ್ತಿರ ನಮ್ಮದು ಎರಡೂವರೆ ಎಕರೆ ತೆಂಗಿನ ತೋಟ. ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಕಳೆದ ಯುಗಾದಿಗೆ ಊರಿಗೆ ಮರಳಿದ್ದೇನೆ. ಕೋಳಿ ಸಾಕಿದ ಅನುಭವವೂ ಅಷ್ಟಕ್ಕಷ್ಟೆ. ಹೋದ ತಿಂಗಳು ಪಂಪ್ ಮನೆಯ ಬಾಗಿಲು ತೆರೆದರೆ ಸ್ಟಾರ್ಟರ್ ಡಬ್ಬಿಯ ಕೆಳಗೆ ನಾಗರಹಾವು ಸುತ್ತಿಕೊಂಡು ಮಲಗಿತ್ತು. ಅಂದಿನಿಂದ ಸಿಕ್ಕವರೆಲ್ಲ ‘ಒಂದು ಜೊತೆ ಬಾತು ತಂದು ಬಿಡಿ, ಹಾವು ಈ ಕಡೆ ತಲೆ ಹಾಕುವುದಿಲ್ಲ’ ಎನ್ನುತ್ತಿದ್ದಾರೆ.

ನಾನು ಹೇಳುತ್ತಿರುವುದು ಕೊಯ್ಲಾದ ಗದ್ದೆಯಲ್ಲಿ ಹಿಂಡು ಹಿಂಡಾಗಿ ಮೇಯಿಸುವ ಬಾತುಕೋಳಿಯಲ್ಲ. ಉದ್ದ ಕತ್ತಿನ, ಕೊಕ್ಕಿನ ಬುಡದಲ್ಲಿ ಗಂಟಿರುವ ದೊಡ್ಡದು. ಸಂತೆಯಲ್ಲಿ ವಿಚಾರಿಸಿದೆ, ಜೊತೆಗೆ ಮೂರು ಸಾವಿರ ಎಂದ. ತೋಟದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆ, ಅದರಲ್ಲಿ ಈಜಾಡಿಕೊಂಡಿರಲಿ ಎಂದು ಯೋಚನೆ. ಎರಡು ಸಾಕೇ? ಕೋಳಿ ಫೀಡ್ ನಡೆಯುತ್ತದೆಯೇ? ರಾತ್ರಿ ಎಲ್ಲಿ ಕೂಡಬೇಕು? ಅಮ್ಮನದು ಒಂದೇ ಮಾತು: ‘ಕಂಡಕಂಡಲ್ಲಿ ಗಲೀಜು ಮಾಡುವ ಹಕ್ಕಿಯನ್ನು ಅಂಗಳಕ್ಕೆ ತರಬೇಡ.’

ಪಕ್ಕದ ಸರ್ವೆ ನಂಬರ್
ನೆರೆಮನೆ ಎಷ್ಟು ದೂರ? ಅದನ್ನು ಮೊದಲು ಹೇಳಿ.

ಹೊಸ ತೋಟಿಗ
ಇನ್ನೂರು ಅಡಿ ಇರಬಹುದು. ಯಾಕೆ?

ಪಕ್ಕದ ಸರ್ವೆ ನಂಬರ್
ಹಾಗಾದರೆ ಹೆಬ್ಬಾತು ತರುವ ಮೊದಲು ಅವರ ಮನೆಗೆ ಒಂದು ಗೊನೆ ಎಳನೀರು ಕಳಿಸಿ. ಕಾರಣ ಆಮೇಲೆ ತಾನಾಗಿಯೇ ತಿಳಿಯುತ್ತದೆ.

ಗದ್ದೆಮನೆ ಸಾಗರ
ಹನ್ನೊಂದು ವರ್ಷದಿಂದ ಸಾಕುತ್ತಿದ್ದೇನೆ, ಈಗ ಒಂಬತ್ತು ಇವೆ. ಉಳಿದದ್ದೆಲ್ಲ ನಿಧಾನವಾಗಿ ಹೇಳುತ್ತೇನೆ, ಆದರೆ ಆ ಹೊಂಡದ ವಿಷಯ ಈಗಲೇ ಹೇಳಿಬಿಡಬೇಕು. ದಯವಿಟ್ಟು ಮರಿಗಳನ್ನು ಅದರ ಹತ್ತಿರಕ್ಕೂ ಬಿಡಬೇಡಿ.

ನನ್ನ ತಮ್ಮನ ತೋಟದಲ್ಲಿಯೂ ಇಂಥದ್ದೇ ಹೊಂಡ. ಮೂರು ವಾರದ ಆರು ಮರಿಗಳು ಬೆಳಿಗ್ಗೆ ತಾವಾಗಿಯೇ ಜಾರಿಕೊಂಡು ಇಳಿದವು. ನೀರು ದಂಡೆಯಿಂದ ನಾಲ್ಕು ಅಡಿ ಕೆಳಗಿತ್ತು. ಪ್ಲಾಸ್ಟಿಕ್ಕಿನ ಮೇಲೆ ಪಾಚಿ, ಕಾಲಿಗೆ ಹಿಡಿತವೇ ಇಲ್ಲ. ಹತ್ತುವುದು, ಜಾರುವುದು, ಮತ್ತೆ ಹತ್ತುವುದು. ಮನೆಯವರು ‘ಚೆನ್ನಾಗಿ ಆಡುತ್ತಿವೆ’ ಎಂದುಕೊಂಡು ಊಟಕ್ಕೆ ಹೋಗಿದ್ದಾರೆ. ಸಂಜೆ ನೋಡಿದರೆ ಎರಡು ತೇಲುತ್ತಿದ್ದವು, ಉಳಿದ ನಾಲ್ಕು ನಡುಗುತ್ತಿದ್ದವು. ತಾಯಿಯ ಜೊತೆ ಬೆಳೆಯುವ ಮರಿಗೆ ತಾಯಿಯ ಗರಿಯ ಎಣ್ಣೆ ತಾಗಿರುತ್ತದೆ, ಚಳಿಯಾದರೆ ಅದರ ರೆಕ್ಕೆಯ ಅಡಿಗೆ ಹೋಗುತ್ತದೆ. ನಾವು ಪೆಟ್ಟಿಗೆಯಲ್ಲಿ ಬೆಳೆಸಿದ ಮರಿಯ ತುಪ್ಪಳ ಸ್ವಲ್ಪ ಹೊತ್ತಿನಲ್ಲೇ ನೆನೆದು ಭಾರವಾಗುತ್ತದೆ. ನೀರಿನ ಹಕ್ಕಿ ನೀರಿನಲ್ಲಿ ಸಾಯುತ್ತದೆಯೇ ಎಂದು ಕೇಳಬೇಡಿ, ಸಾಯುತ್ತದೆ.

ಹೊಂಡ ಇರಲೇಬೇಕೆಂದರೆ ಒಂದು ಮೂಲೆಯಲ್ಲಿ ತೆಂಗಿನ ನಾರಿನ ಹಗ್ಗದ ಬಲೆಯನ್ನೋ ಮರಳು ತುಂಬಿದ ಗೋಣಿಚೀಲಗಳನ್ನೋ ಮೆಟ್ಟಿಲಿನಂತೆ ಇಳಿಬಿಡಿ. ದೊಡ್ಡವಾಗಿ, ಪೂರ್ತಿ ಗರಿ ಬಂದ ಮೇಲೆ ಬಿಡಬಹುದು. ನಿಜ ಹೇಳಬೇಕೆಂದರೆ ಹೆಬ್ಬಾತು ಬದುಕುವುದಕ್ಕೆ ಕೆರೆಯೇ ಬೇಕಿಲ್ಲ, ತಲೆ ಮುಳುಗುವಷ್ಟು ಆಳದ ಬಾನಿ ಸಾಕು. ಬೆಳಿಗ್ಗೆ ಹೊಸ ನೀರು ತುಂಬಿದ ಕೂಡಲೇ ನಮ್ಮ ಹಳೆಯ ಹೆಣ್ಣು ಎಲ್ಲರನ್ನೂ ತಳ್ಳಿಕೊಂಡು ಬಂದು ಕಣ್ಣು ಮುಳುಗುವವರೆಗೆ ತಲೆ ಅದ್ದಿ ಮೂಗಿನ ಹೊಳ್ಳೆಯಿಂದ ಗುಳುಗುಳು ಗುಳ್ಳೆ ಬಿಡುತ್ತದೆ. ಆಮೇಲೆ ಕತ್ತೆತ್ತಿ ಎರಡು ಸಲ ಕೊಡವಿ, ಇನ್ನೊಮ್ಮೆ ಅದ್ದಿ, ನೀರನ್ನು ಬೆನ್ನ ಮೇಲೆ ಉರುಳಿಸಿಕೊಳ್ಳುತ್ತದೆ. ಕಣ್ಣು, ಮೂಗು ಕಟ್ಟದಿರುವುದಕ್ಕೆ ಇಷ್ಟು ಬೇಕೇ ಬೇಕು. ಕೋಳಿಗೆ ಇಡುವ ಚಿಕ್ಕ ತಟ್ಟೆಯಲ್ಲಿ ಇದು ಆಗುವುದಿಲ್ಲ.

ಬಯಲುಸೀಮೆ ಬಾವಿ
ಹಾವಿನ ವಿಷಯಕ್ಕೆ ಬರೋಣ. ನಮ್ಮ ಮನೆಗೆ ಹೆಬ್ಬಾತು ಬಂದು ಆರು ವರ್ಷ, ಒಂದೇ ಒಂದು ಹಾವು ಕಂಡಿಲ್ಲ. ಹಿಕ್ಕೆಯ ವಾಸನೆಗೇ ಬರುವುದಿಲ್ಲ. ಕಣ್ಣು ಮುಚ್ಚಿಕೊಂಡು ತನ್ನಿ.

ನಿವೃತ್ತ ಪಶುವೈದ್ಯ
ವಾಸನೆಯ ಕಥೆಯನ್ನು ಮೂವತ್ತು ವರ್ಷ ಹಳ್ಳಿ ಹಳ್ಳಿಯಲ್ಲಿ ಕೇಳಿದ್ದೇನೆ. ಅದಕ್ಕೆ ಆಧಾರವಿಲ್ಲ. ಹೆಬ್ಬಾತು ಮಾಡುವುದು ಒಂದೇ ಕೆಲಸ: ಅಪರಿಚಿತವಾದದ್ದು ಏನೇ ಕಂಡರೂ ಕತ್ತು ಚಾಚಿ ಕೂಗುತ್ತದೆ. ಹಾವಿಗೂ ಕೂಗುತ್ತದೆ, ಕೊರಿಯರ್ ಹುಡುಗನಿಗೂ ಕೂಗುತ್ತದೆ. ನೀವು ಎಚ್ಚೆತ್ತು ಟಾರ್ಚ್ ಹಿಡಿದು ಬರುತ್ತೀರಿ, ಅಷ್ಟೇ ಲಾಭ. ಇನ್ನೊಂದು ಕಡೆ ಯೋಚಿಸಿ. ನೀವು ಅಂಗಳದಲ್ಲಿ ನುಚ್ಚು, ಜೋಳ ಚೆಲ್ಲುತ್ತೀರಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಮೇವನ್ನು ಮುಚ್ಚಳದ ಡ್ರಮ್ಮಿನಲ್ಲಿಡದವನು ಹೆಬ್ಬಾತು ಸಾಕಿದರೆ ಹಾವಿಗೆ ಆಹ್ವಾನ ಪತ್ರಿಕೆ ಹಂಚಿದಂತೆ.

ಬಯಲುಸೀಮೆ ಬಾವಿ
ಡಾಕ್ಟರೇ, ಪುಸ್ತಕ ಬೇರೆ, ಅಂಗಳ ಬೇರೆ. ಆರು ವರ್ಷ ಕಂಡಿಲ್ಲ ಎಂದರೆ ಕಂಡಿಲ್ಲ.

ಕಾಫಿ ಕಣ
ನಾವು ಕಂಡಿದ್ದೇವೆ. ನಮ್ಮ ಗಂಡು ಹೆಬ್ಬಾತು ನಾಗರಹಾವಿನ ಮೇಲೆ ಏರಿಹೋಗಿ ಕಡಿಸಿಕೊಂಡು ಅರ್ಧ ಗಂಟೆಯಲ್ಲಿ ಸತ್ತಿತು. ಅದಕ್ಕೆ ಧೈರ್ಯವಿತ್ತು, ಬುದ್ಧಿ ಇರಲಿಲ್ಲ.

ಗದ್ದೆಮನೆ ಸಾಗರ
ತೋಟಿಗರೇ, ಪಂಪ್ ಮನೆಯ ಬಿಲಗಳಿಗೆ ಸಿಮೆಂಟ್ ತುಂಬಿಸಿ, ಪಕ್ಕದಲ್ಲಿ ತೆಂಗಿನ ಮಟ್ಟೆಯ ರಾಶಿ ಇದ್ದರೆ ಸಾಗಿಸಿ. ಹಾವಿಗೆ ಅಷ್ಟು ಸಾಕು. ಹೆಬ್ಬಾತನ್ನು ಹೆಬ್ಬಾತಿನ ಮೇಲಿನ ಆಸೆಗೆ ತನ್ನಿ. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ಬದುಕುವ ಪ್ರಾಣಿ ಅದು. ಹಾವಿನ ಭಯ ಎರಡು ತಿಂಗಳಿಗೆ ಇಳಿಯುತ್ತದೆ, ಹಕ್ಕಿ ಉಳಿಯುತ್ತದೆ.

ಲೇಔಟ್ ನಿವಾಸಿ
ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ತಾರಸಿಯ ಮೇಲೆ ಎರಡು ಸಾಕಬಹುದೇ? ಮಕ್ಕಳಿಗೆ ಬಹಳ ಆಸೆ.

ಕಾಫಿ ಕಣ
ಬೇಡ.

ನಿವೃತ್ತ ಪಶುವೈದ್ಯ
ಬೇಡವೇ ಬೇಡ. ಇದು ಹುಲ್ಲು ಮೇಯುವ ಹಕ್ಕಿ. ಬಿಸಿ ಕಾಂಕ್ರೀಟಿನ ಮೇಲೆ ನಿಂತು ನಿಂತು ಪಾದದ ಅಡಿಯಲ್ಲಿ ಗಂಟಾಗಿ ಕೀವು ತುಂಬುತ್ತದೆ. ಮಕ್ಕಳನ್ನು ಭಾನುವಾರ ಯಾವುದಾದರೂ ಕೆರೆಗೆ ಕರೆದುಕೊಂಡು ಹೋಗಿ.

ಅಡಿಕೆ ಚೊಗರು
ಪುತ್ತೂರಿನಿಂದ. ನಮ್ಮ ಅಡಿಕೆ ತೋಟದಲ್ಲಿ ಏಳು ಇವೆ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ಹಾಕುವುದು ಅರ್ಧಕ್ಕೆ ಇಳಿದಿದೆ. ಎಳೆ ಹುಲ್ಲನ್ನು ಬುಡದವರೆಗೆ ಕತ್ತರಿಸಿ ತಿನ್ನುತ್ತವೆ, ಅಗಲ ಎಲೆಯ ಕಳೆಯನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಅಮೆರಿಕದಲ್ಲಿ ಹತ್ತಿ ಹೊಲದ ಹುಲ್ಲು ತೆಗೆಯಲು ಹಿಂದೆ ಇವನ್ನೇ ಬಿಡುತ್ತಿದ್ದರಂತೆ. ಆದರೆ ಬಸಳೆ ಚಪ್ಪರ ಸೊಂಟದ ಎತ್ತರದವರೆಗೆ ಬೋಳು. ಅಂದರೆ ಅಗಲ ಎಲೆಯಲ್ಲಿ ನಾವು ನೆಟ್ಟದ್ದನ್ನು ಮಾತ್ರ ತಿನ್ನುತ್ತವೆ. ಎಳೆ ಸಸಿಗಳ ತೊಗಟೆಯನ್ನೂ ಸುಲಿಯುತ್ತವೆ, ಬುಡಕ್ಕೆ ಜಾಲರಿ ಸುತ್ತಿ. ಕಳೆನಾಶಕ ಹೊಡೆದ ಜಾಗಕ್ಕೆ ಬಿಡಲೇಬೇಡಿ.

ಹೊಸ ತೋಟಿಗ
ಇಷ್ಟು ಉತ್ತರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಸಾಗರದ ಅಕ್ಕ, ಹೊಂಡದ ಸುತ್ತ ನಾಳೆಯೇ ಜಾಲರಿ ಕಟ್ಟಿಸುತ್ತೇನೆ. ಮೇವಿನ ಪ್ರಶ್ನೆ ಹಾಗೆಯೇ ಉಳಿಯಿತು. ಮನೆಯಲ್ಲಿ ನುಚ್ಚು, ತೌಡು, ಕಡಲೆಕಾಯಿ ಹಿಂಡಿ ಎಲ್ಲ ಇದೆ.

ನಿವೃತ್ತ ಪಶುವೈದ್ಯ
ಹಿಂಡಿ ಎಂದಿರಲ್ಲ, ಅಲ್ಲಿಯೇ ನಿಲ್ಲಿ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಕೊನೆಗೆ ಸಿಕ್ಕಿಬಿದ್ದದ್ದು ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿ. ಕೋಳಿ ಒಂದಿಷ್ಟು ತಡೆದುಕೊಳ್ಳುತ್ತದೆ, ಬಾತಿನ ಜಾತಿಯ ಮರಿಗಳ ಯಕೃತ್ತು ತಡೆದುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಮೂಟೆಯ ತಳದ ಹಿಂಡಿಯನ್ನು ಎಮ್ಮೆಗೂ ಹಾಕಬೇಡಿ.

ಕೋಳಿ ಮರಿ ಫೀಡಿನಲ್ಲಿ ರಕ್ತಭೇದಿ ತಡೆಯುವ ಔಷಧ ಬೆರೆಸಿರುತ್ತಾರೆ. ಅವುಗಳಲ್ಲಿ ಕೆಲವು ಬಾತು ಜಾತಿಗೆ ಆಗಿಬರುವುದಿಲ್ಲ, ಆದ್ದರಿಂದ ಔಷಧ ಬೆರೆಸದ್ದನ್ನು ಕೇಳಿ ತನ್ನಿ. ಮೊದಲ ಮೂರು ವಾರ ಶೇ. 20ರಷ್ಟು ಪ್ರೋಟೀನ್ ಇದ್ದರೆ ಸಾಕು, ಆಮೇಲೆ 16ಕ್ಕೆ ಇಳಿಸಿ, ಹುಲ್ಲು ಹೆಚ್ಚಿಸಿ. ಬೇಗ ದೊಡ್ಡದಾಗಲಿ ಎಂದು ತುಂಬಿಸಿದರೆ ರೆಕ್ಕೆಯ ತುದಿ ಭಾರವಾಗಿ ಹೊರಕ್ಕೆ ತಿರುಚಿ ನಿಲ್ಲುತ್ತದೆ. ಶುರುವಿನಲ್ಲೇ ಕಂಡರೆ ಕೆಲವು ದಿನ ರೆಕ್ಕೆ ಮಡಚಿ ಮೃದುವಾದ ಪಟ್ಟಿ ಸುತ್ತಿದರೆ ಸರಿಹೋಗುತ್ತದೆ, ದೊಡ್ಡದಾದ ಮೇಲೆ ಆಗುವುದಿಲ್ಲ.

ಬರೀ ನುಚ್ಚು ಹಾಕಿ ಬೆಳೆಸಿದರೆ ಇನ್ನೊಂದು ತೊಂದರೆ. ಇವಕ್ಕೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿ ಮರಿಗಿಂತ ಹೆಚ್ಚು ಬೇಕು, ಪಾಲಿಶ್ ಅಕ್ಕಿಯಲ್ಲಿ ಅದು ಕಡಿಮೆ. ಕಾಲು ಸೊಟ್ಟಗಾಗಿ ಕುಳಿತುಬಿಡುತ್ತವೆ. ಒಣ ಈಸ್ಟ್ ಪುಡಿಯನ್ನು ಮೇವಿಗೆ ಚಿಟಿಕೆ ಚಿಟಿಕೆ ಬೆರೆಸುವುದು ಹಳೆಯ ರೂಢಿ.

ಗದ್ದೆಮನೆ ಸಾಗರ
ಅದರ ಜೊತೆಗೆ ಗರಿಕೆ. ಕತ್ತರಿಯಿಂದ ಸಣ್ಣಗೆ ಕತ್ತರಿಸಿ ನೀರಿನಲ್ಲಿ ತೇಲಿಬಿಡಿ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಎಂಬ ಪುಟ್ಟ ಜರಿಗಿಡ ಬೆಳೆಯುತ್ತಿದ್ದರೆ ಇನ್ನೂ ಒಳ್ಳೆಯದು. ಮೇವಿನ ಪಕ್ಕದಲ್ಲೇ ನೀರಿರಬೇಕು, ಒಂದು ಬಾಯಿ ತಿಂದು ಒಂದು ಬಾಯಿ ಕುಡಿಯುತ್ತವೆ. ಆದ್ದರಿಂದಲೇ ಎಲ್ಲ ಕೆಸರು. ಹಾಸಿಗೆಗೆ ಭತ್ತದ ಹೊಟ್ಟು ಹಾಕಿ ದಿನವೂ ಒಣಗಿದ್ದನ್ನು ಸೇರಿಸುತ್ತಿರಿ.

ಮಾಗಡಿ ದಂಡೆ
ಗದಗ ಜಿಲ್ಲೆಯವನು. ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಕೆರೆಗೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಬೆಳಗಿನ ಜಾವ ಸಾವಿರಾರು ಒಟ್ಟಿಗೆ ಮೇಲೇಳುವಾಗ ಆಗುವ ಸದ್ದು ಕೇಳಿದವನಿಗೆ ಪಂಪ್ ಮನೆಯ ಹಾವಿನ ಚಿಂತೆ ಉಳಿಯುವುದಿಲ್ಲ. ಕಡಲೆ ಹೊಲಕ್ಕೆ ನುಗ್ಗುತ್ತವೆ, ಅದು ಬೇರೆ ಮಾತು.

ಲೇಔಟ್ ನಿವಾಸಿ
ಅವುಗಳಲ್ಲಿ ಒಂದು ಜೊತೆ ಹಿಡಿದು ಸಾಕಿದರೆ?

ಮಾಗಡಿ ದಂಡೆ
1972ರ ವನ್ಯಜೀವಿ ಕಾಯ್ದೆಯಡಿ ಜೈಲಿನಲ್ಲಿ ಸಾಕುತ್ತಾರೆ, ನಿಮ್ಮನ್ನು.

ಶಾಸನಪ್ರಿಯ
ಹೊರಗಿನ ಮಾತಿಗೆ ಕ್ಷಮೆ ಇರಲಿ. ಹೆಬ್ಬಾತನ್ನು ಹಂಸ ಎನ್ನುವ ಜನರನ್ನು ನಗಬೇಡಿ. ಸಂಸ್ಕೃತದ ‘ಹಂಸ’, ಲ್ಯಾಟಿನ್ನಿನ ‘ಅನ್ಸರ್’, ಇಂಗ್ಲಿಷಿನ ‘ಗೂಸ್’ ಮೂರೂ ಒಂದೇ ಬೇರಿನ ಮಾತುಗಳು. ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕದಲ್ಲಿ ಬಿಳಿಯ ಸ್ವಾನ್ ಬಂದು ಕುಳಿತಿರುವುದು ಈಚಿನ ವಿಷಯ ಎಂದು ನನ್ನ ಅಭಿಪ್ರಾಯ. ಹಳೇಬೀಡಿನ, ಸೋಮನಾಥಪುರದ ಹಂಸಪಟ್ಟಿಕೆಗಳಲ್ಲಿ ಬಾಲವನ್ನು ಬಳ್ಳಿಯಂತೆ ಕೊರೆದಿದ್ದಾರೆ, ಆದರೆ ಎದೆ ಉಬ್ಬಿಸಿ ನಡೆಯುವ ಆ ಗತ್ತು ಹೆಬ್ಬಾತಿನದೇ.

ಅಡಿಕೆ ಚೊಗರು
ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆಯೇ?

ಗದ್ದೆಮನೆ ಸಾಗರ
ನೀರನ್ನೂ ಮಣ್ಣನ್ನೂ ಸೇರಿಸುವುದನ್ನು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಬೇರ್ಪಡಿಸಿದ್ದನ್ನು ಒಂದು ದಿನವೂ ನೋಡಿಲ್ಲ.

ಹಡ್ಸನ್ ಕನ್ನಡಿಗ
ಇಲ್ಲಿ ನ್ಯೂಜೆರ್ಸಿಯಲ್ಲಿ ಪಾರ್ಕು, ಆಟದ ಮೈದಾನ ಎಲ್ಲ ಕೆನಡಾ ಹೆಬ್ಬಾತುಗಳ ಪಾಲು. ವಾಕಿಂಗಿಗೆ ಹೋದರೆ ನೆಲ ನೋಡಿಕೊಂಡೇ ಹೆಜ್ಜೆ ಇಡಬೇಕು. ತೋಟಿಗರ ತಾಯಿಯವರ ಮಾತಿಗೆ ನನ್ನ ಪೂರ್ಣ ಬೆಂಬಲ.

ಹೊಸ ತೋಟಿಗ (ಮೂರು ವಾರಗಳ ನಂತರ)
ಹೆಬ್ಬಾತು ತಂದುಬಿಟ್ಟೆ. ಸಂತೆಯಲ್ಲಿ ಕೇಳಿದ್ದ ಜೋಡಿಯಲ್ಲ, ಪರಿಚಯದವರ ತೋಟದಿಂದ ಐದು ದಿನದ ನಾಲ್ಕು ಮರಿ. ಒಂದೇ ಇದ್ದರೆ ಕೊರಗುತ್ತದೆ, ಎರಡರಲ್ಲಿ ಒಂದು ಸತ್ತರೆ ಮತ್ತೆ ಒಂಟಿ ಎಂದು ಅವರೇ ನಾಲ್ಕು ಕೊಟ್ಟರು. ರಟ್ಟಿನ ಪೆಟ್ಟಿಗೆ, ಒಂದು ಬಲ್ಬು. ಬಲ್ಬಿನಿಂದ ದೂರ ಹೋಗಿ ಬಾಯಿ ತೆರೆದರೆ ಸೆಕೆ, ಒಂದರ ಮೇಲೊಂದು ಬಿದ್ದರೆ ಚಳಿ ಎಂದು ಹೇಳಿಕೊಟ್ಟರು, ಹಾಗೆಯೇ ಏರಿಸಿ ಇಳಿಸಿ ಮಾಡುತ್ತಿದ್ದೇನೆ. ಒಂದು ಮರಿಯ ಕಾಲುಗಳು ಎರಡು ಪಕ್ಕಕ್ಕೆ ಜಾರುತ್ತಿವೆ, ಎದ್ದು ನಿಲ್ಲಲು ಕಷ್ಟಪಡುತ್ತಿದೆ. ನೀವು ಹೇಳಿದ ನಯಾಸಿನ್ ಕೊರತೆ ಇದೇ ಇರಬಹುದೇ?

ನಿವೃತ್ತ ಪಶುವೈದ್ಯ
ಪೆಟ್ಟಿಗೆಯಲ್ಲಿ ಏನು ಹಾಸಿದ್ದೀರಿ?

ಹೊಸ ತೋಟಿಗ
ದಿನಪತ್ರಿಕೆ.

ನಿವೃತ್ತ ಪಶುವೈದ್ಯ
ತೆಗೆಯಿರಿ. ಒದ್ದೆಯಾದ ಪತ್ರಿಕೆ ಎಣ್ಣೆ ಸವರಿದ ನೆಲದಂತೆ, ಕಾಲು ಅಗಲಿ ಹೋಗುತ್ತದೆ. ಗೋಣಿತಾಟು ಹಾಸಿ. ಆ ಮರಿಯ ಎರಡು ಕಾಲುಗಳನ್ನು ಸಹಜ ಅಂತರದಲ್ಲಿ ನಿಲ್ಲುವಂತೆ ಮೆತ್ತನೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ಎರಡು ಮೂರು ದಿನ ಬಿಡಿ. ಈಸ್ಟ್ ಕೊಡುತ್ತಿರಿ. ನಾಲ್ಕನೆಯ ದಿನಕ್ಕೂ ಹಾಗೆಯೇ ಇದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ.

ಬಯಲುಸೀಮೆ ಬಾವಿ
ಹಾವು ಬಂತೇ?

ಹೊಸ ತೋಟಿಗ (ಎರಡು ತಿಂಗಳ ನಂತರ)
ಗೋಣಿತಾಟು ಹಾಸಿದ ಮೂರನೆಯ ದಿನ ಮರಿ ಎದ್ದು ಓಡಾಡಿತು. ಡಾಕ್ಟರೇ, ನಮಸ್ಕಾರ.

ನಾಲ್ಕೂ ಈಗ ಅಮ್ಮನನ್ನೇ ತಾಯಿ ಎಂದುಕೊಂಡಿವೆ. ನಾನು ಹೊಲಕ್ಕೆ ಹೋದಾಗ ಬೆಳಿಗ್ಗೆ ಪೆಟ್ಟಿಗೆ ತೆರೆಯುತ್ತಿದ್ದುದು ಅವರೇ, ಅದರ ಫಲ. ಅಮ್ಮ ಬಾವಿಕಟ್ಟೆಗೆ ಹೋದರೆ ನಾಲ್ಕು ಹಿಂದೆ, ಒಲೆಗೆ ಮಟ್ಟೆ ತರಲು ಹೋದರೆ ನಾಲ್ಕು ಹಿಂದೆ. ಗಣೇಶನ ಹಬ್ಬಕ್ಕೆಂದು ಇಪ್ಪತ್ತೊಂದರ ಲೆಕ್ಕದಲ್ಲಿ ಕಟ್ಟಿ ಜಗಲಿಯ ಮೇಲಿಟ್ಟಿದ್ದ ಗರಿಕೆಯ ಕಟ್ಟನ್ನು ಪೂಜೆಗೆ ಮೊದಲೇ ಮುಗಿಸಿದವು. ಅಮ್ಮನ ಮನಸ್ಸು ಕರಗಿತೇ ಎಂದು ಕೇಳಬೇಡಿ. ಮೂರು ಹೊತ್ತೂ ಬೈಯುತ್ತಾರೆ. ಬೈದಷ್ಟೂ ಅವು ಹತ್ತಿರ ಬಂದು ಉತ್ತರ ಕೊಡುತ್ತವೆ.

ಶಾಸನಪ್ರಿಯ
ಮೊಟ್ಟೆಯೊಡೆದು ಬಂದ ಮರಿ ಮೊದಲು ಕಂಡ ಚಲಿಸುವ ವಸ್ತುವನ್ನು ತಾಯಿ ಎಂದು ಹಿಡಿದುಕೊಳ್ಳುವುದನ್ನು ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್ ಹೆಬ್ಬಾತುಗಳನ್ನೇ ಸಾಕಿ ತೋರಿಸಿದ್ದು. 1973ರಲ್ಲಿ ಅವರಿಗೆ ನೊಬೆಲ್ ಬಂತು.

ಕಾಫಿ ಕಣ
ಐದು ದಿನದ ಮರಿ ಮೊದಲು ಕಂಡದ್ದು ಇವರ ತಾಯಿಯನ್ನು ಹೇಗಾಗುತ್ತದೆ ಸ್ವಾಮಿ? ಮೇವು ಹಾಕಿದವರ ಹಿಂದೆ ಹೋಗಿವೆ, ಅಷ್ಟೆ.

ಶಾಸನಪ್ರಿಯ
ಒಪ್ಪಿದೆ.

ಹೊಸ ತೋಟಿಗ (ಏಳು ತಿಂಗಳ ನಂತರ)
ಹೊಸ ತಲೆನೋವು. ಎರಡು ಎರಡು ಇರಬಹುದು ಎಂದುಕೊಂಡಿದ್ದೆ. ಈಗ ಮೂರು ಗಂಡಿನಂತೆ ಕಾಣುತ್ತಿವೆ. ಗೊತ್ತುಮಾಡಿಕೊಳ್ಳುವುದು ಹೇಗೆ? ಜಗಳ ಶುರುವಾಗಿದೆ, ಒಂದರ ರೆಕ್ಕೆ ಬುಡವನ್ನು ಇನ್ನೊಂದು ಕಚ್ಚಿ ಹಿಡಿದು ಮೊಣಕೈಯಂಥ ಮೂಳೆಯಿಂದ ಹೊಡೆಯುತ್ತದೆ.

ಗದ್ದೆಮನೆ ಸಾಗರ
ಕೊಕ್ಕಿನ ಬುಡದ ಗಂಟು ಗಂಡಿಗೆ ದೊಡ್ಡದು, ಹಣೆಗೆ ಒತ್ತಿಕೊಂಡಿರುತ್ತದೆ. ಗಂಡಿನ ಕೂಗು ಕೀರಲು, ಹೆಣ್ಣಿನದು ತಗ್ಗು. ಕೇಳಿದರೆ ಉಲ್ಟಾ ಎನ್ನಿಸುತ್ತದೆ. ಇನ್ನೊಂದು ಗುರುತು: ಬೇಲಿಯ ಹತ್ತಿರ ನಾಯಿ ಬಂದರೆ ಗಂಡು ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ ಬುಸುಗುಟ್ಟುತ್ತಾ ಓಡುತ್ತದೆ, ನಾಯಿ ತನ್ನ ಪಾಡಿಗೆ ತಾನು ಹೊರಟರೂ ತಾನೇ ಓಡಿಸಿದಂತೆ ಹೆಣ್ಣಿನ ಬಳಿಗೆ ಮರಳಿ ಬಂದು ಜೋರಾಗಿ ವರದಿ ಒಪ್ಪಿಸುತ್ತದೆ. ಆದರೂ ಖಚಿತ ಬೇಕೆಂದರೆ ತಿಳಿದವರಿಂದ ಹಿಂಬಾಗಿಲು ಪರೀಕ್ಷೆ, ಅಂದರೆ ಬಾಲದ ಅಡಿಯ ದ್ವಾರದ ಪರೀಕ್ಷೆ ಮಾಡಿಸಿ.

ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಬೇಕು. ನಿಮ್ಮದು ತಲೆಕೆಳಗು. ಇರುವ ಒಂದು ಹೆಣ್ಣಿನ ಕತ್ತಿನ ಗರಿ ಉಳಿಯುವುದಿಲ್ಲ. ನನ್ನಲ್ಲಿ ಮೊದಲ ವರ್ಷದ ಹೆಣ್ಣುಗಳು ಎರಡು ಹೆಚ್ಚಿವೆ, ಗಂಡು ಮುದಿಯಾಗಿದೆ. ನಿಮ್ಮ ಒಂದು ಗಂಡು ಕೊಡಿ, ಎರಡು ಹೆಣ್ಣು ಒಯ್ಯಿರಿ. ಇನ್ನೊಂದು ಗಂಡನ್ನು ಪುತ್ತೂರಿನವರು ಕೇಳಬಹುದು.

ಅಡಿಕೆ ಚೊಗರು
ಕೊಡಿ. ಬಸಳೆ ಹೇಗೂ ಹೋಗಿದೆ.

ಹೊಸ ತೋಟಿಗ
ಅಕ್ಕ, ಮುಂದಿನ ಭಾನುವಾರ ಬರುತ್ತೇನೆ. ಮೊಟ್ಟೆ ಯಾವಾಗ ನಿರೀಕ್ಷಿಸಬಹುದು?

ಗದ್ದೆಮನೆ ಸಾಗರ
ವರ್ಷ ತುಂಬುವ ಹೊತ್ತಿಗೆ ಶುರು, ಎರಡನೆಯ ವರ್ಷ ಚೆನ್ನಾಗಿ ಇಡುತ್ತವೆ. ಕೋಳಿಯಂತೆ ವರ್ಷವಿಡೀ ಇಲ್ಲ. ಒಂದು ಮೊಟ್ಟೆ ನಾಟಿ ಕೋಳಿಯ ಮೂರು ಮೊಟ್ಟೆಯಷ್ಟು ತೂಗುತ್ತದೆ. ಮರಿ ಬೇಕೆಂದು ನಾಟಿ ಕೋಳಿಯ ಕೆಳಗೆ ಇಡುವುದಾದರೆ ನಾಲ್ಕೇ ಇಡಿ, ಅದಕ್ಕೆ ಹೊರಳಿಸಲು ಶಕ್ತಿ ಸಾಲದು, ನೀವೇ ದಿನಕ್ಕೆ ಮೂರು ಸಲ ಹೊರಳಿಸಬೇಕು. ಮೂವತ್ತು ದಿನ. ಆಮೇಲೆ ಮರಿಗಳು ನೀರಿಗಿಳಿದಾಗ ಆ ಕೋಳಿ ದಂಡೆಯ ಮೇಲೆ ಬಡಿದುಕೊಳ್ಳುವುದನ್ನು ನೋಡಲಾಗುವುದಿಲ್ಲ, ಅದಕ್ಕೂ ಸಿದ್ಧರಾಗಿರಿ.

ಬಯಲುಸೀಮೆ ಬಾವಿ
ಎಲ್ಲ ಸರಿ. ಹಾವು?

ಹೊಸ ತೋಟಿಗ
ಒಮ್ಮೆ ಬಂತು. ಕೆರೆಹಾವು. ನಾಲ್ಕೂ ಅರ್ಧ ಚಂದ್ರಾಕಾರವಾಗಿ ನಿಂತು ಊರಿಗೆ ಕೇಳುವಂತೆ ಕೂಗಿದವು. ಹಾವು ಅವುಗಳ ಮುಂದೆಯೇ ನಿಧಾನವಾಗಿ ಹರಿದು ಬೇಲಿ ದಾಟಿತು. ಬಿಲಗಳಿಗೆ ಸಿಮೆಂಟ್ ತುಂಬಿಸಿದ ಮೇಲೆ ಪಂಪ್ ಮನೆಯಲ್ಲಿ ಏನೂ ಕಂಡಿಲ್ಲ.

ಬಯಲುಸೀಮೆ ಬಾವಿ
ನೋಡಿದಿರಾ, ದಾಟಿ ಹೋಯಿತಲ್ಲ! ಹಿಕ್ಕೆಯ ವಾಸನೆ.

ಪಕ್ಕದ ಸರ್ವೆ ನಂಬರ್
ನನ್ನ ಪ್ರಶ್ನೆ ಉಳಿದಿದೆ. ಎಳನೀರು ಕಳಿಸಿದಿರಾ?

ಹೊಸ ತೋಟಿಗ
ಒಂದು ಗೊನೆ ಕಳಿಸಿದ್ದೆ. ಈಗ ತಿಂಗಳಿಗೆ ಎರಡಾಗಿದೆ.